ಬಾಡು ಬಿಡಿಸೋ ಮುಂಚೆ ನಾಯಿ ಕಿವಿ ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪತ್ರಿಕೆಯ ಸಾಕುಪ್ರಾಣಿ ಅಂಕಣದಲ್ಲಿ ಒಬ್ಬರು ನಮ್ಮ ನಾಯಿ ಇತ್ತೀಚೆಗೆ ಮನೆಗೆ ಬಂದೋರ ಮೇಲೆಲ್ಲ ಎಗರ್ತಿದೆ ಏನ್ ಮಾಡ್ಲಿ ಅಂತ ಕೇಳಿದ್ರು. ಅದಕ್ಕೆ ಕೊಟ್ಟಿದ್ದ ಉತ್ತರ ಎರಡೇ ಸಾಲು, ಮಾಂಸ ಮೊಟ್ಟೆ ನಿಲ್ಲಿಸಿ, ಪ್ರೋಟೀನ್ ಜಾಸ್ತಿಯಾದ್ರೆ ನಾಯಿಗೆ ರೋಷ ಬರುತ್ತೆ, ಅನ್ನ ಹಾಲು ಹಾಕ್ತಾ ಬನ್ನಿ ತಣ್ಣಗಾಗುತ್ತೆ ಅಂತ. ಓದಿ ನಂಗೆ ಸಂಕಟ ಆಯ್ತು, ಯಾಕಂದ್ರೆ ಇದೇ ಮಾತು ಕೇಳ್ಕೊಂಡು ನಾನು ನಮ್ಮ ಕೆಂಚನಿಗೆ ಮೂರು ತಿಂಗಳು ಅನ್ಯಾಯ ಮಾಡಿದೀನಿ, ಇನ್ನೊಂದು ಮನೆಲಿ ಅದು ಆಗ್ಬಾರ್ದು ಅಂತ ಈ ಕಾಗದ ಬರೀತಿದೀನಿ.

ಕೆಂಚ ನಾಟಿ ನಾಯಿ, ಮೈಬಣ್ಣ ಬೆಲ್ಲದ ಥರ, ಮಂಡ್ಯದಲ್ಲಿ ನಮ್ಮ ಬೀದಿ ಚರಂಡಿ ಪಕ್ಕ ಮರಿಯಾಗಿ ಸಿಕ್ಕಿದ್ದು. ಹೋದ ವರ್ಷ ಹೊಸತೊಡಕಿನ ದಿನ ಮನೆ ತುಂಬ ನೆಂಟರು, ಬೆಳಗ್ಗೆಯಿಂದ ಅವನನ್ನ ಹಿತ್ತಲಲ್ಲಿ ಕಟ್ಟಿಹಾಕಿದ್ವಿ, ಮಧ್ಯಾಹ್ನ ಅವನಿಗೂ ಒಂದಿಷ್ಟು ಬಾಡು ಹಾಕಿದ್ವಿ, ಸಾಯಂಕಾಲ ನಮ್ಮಣ್ಣನ ಮಗ ಹತ್ರ ಹೋಗಿದ್ದೇ ತಡ ಹಲ್ಲು ಕಿರಿದು ಗುರ್ ಅಂದ. ಯಾವತ್ತೂ ಹಂಗೆ ಮಾಡ್ದೋನಲ್ಲ. ಪಕ್ಕದ್ಮನೆ ಅಜ್ಜಿ ಅಲ್ಲೇ ಜಗುಲಿ ಮೇಲೆ ಕೂತಿತ್ತು, "ನಾನ್ ಅವತ್ತೇ ಯೋಳಿರ್ನಿಲ್ವ ಕಣವ್ವ, ಬಾಡಿನ ರುಚಿ ಅತ್ತುಸ್ಬ್ಯಾಡಿ ಅಂತ, ಕೊಬ್ಬು ಬಂದದೆ ಅದ್ಕೆ, ನಾಳೆ ಮನೆಯೋರ್ನೇ ಕಚ್ತದೆ" ಅಂತು. ಅಜ್ಜಿ ಕೆಟ್ಟದ್ದಕ್ಕೆ ಹೇಳಿದ್ದಲ್ಲ, ಅವರ ಕಾಲದಿಂದ ಕೇಳ್ಕೊಂಡು ಬಂದಿದ್ದು ಹೇಳ್ತು. ನಾನೂ ನಂಬಿದೆ. ಮಾರನೇ ದಿನದಿಂದ ಕೋಳಿ ಇಲ್ಲ, ಮೊಟ್ಟೆ ಇಲ್ಲ, ಬೆಳಗ್ಗೆ ಮುದ್ದೆ ಹಾಲು, ರಾತ್ರಿ ಅನ್ನ ಮೊಸರು.

ಹೊಟ್ಟೆ ತುಂಬ ಹಾಕ್ತಿದ್ವಿ, ಅದ್ರಲ್ಲಿ ಕಮ್ಮಿ ಮಾಡ್ಲಿಲ್ಲ. ಆದ್ರೂ ತಿಂಗಳೊಳಗೆ ಕೂದಲು ಒರಟಾಯ್ತು, ಸೋಫಾ ಮೇಲೆಲ್ಲ ಉದುರೋಕೆ ಶುರುವಾಯ್ತು, ಬೆನ್ನಿನ ಮೂಳೆ ಕೈಗೆ ಸಿಗೋ ಹಂಗಾಯ್ತು. ಅಂಗಳದಲ್ಲಿ ಮಲಗಿರ್ತಿದ್ದೋನು ಪಕ್ಕದವರ ಕೊಟ್ಟಿಗೆಗೆ ನುಗ್ಗಿ ಹಸುವಿಗೆ ನೆನೆಸಿಟ್ಟಿದ್ದ ಹಿಂಡಿ ತಿಂದು ಬರೋನು, ಮೂತಿಗೆಲ್ಲ ಅಂಟ್ಕೊಂಡಿರೋದು. ತಟ್ಟೆ ಇಟ್ಟಾಗ ಒಂದು ಕಾಲು ತಟ್ಟೆ ಅಂಚಿನ ಮೇಲೆ ಒತ್ತಿ ಹಿಡ್ಕೊಂಡು, ಕಣ್ಣು ಮೇಲೆತ್ತಿ ನಮ್ಮನ್ನೇ ನೋಡ್ತಾ, ಅಗಿಯದೇ ನುಂಗೋನು. ಯಾರಾದ್ರೂ ಪಕ್ಕದಲ್ಲಿ ಹಾದ್ರೂ ಗುರ್ ಅನ್ನೋನು. ಬಾಡು ಬಿಟ್ಟ ಮೇಲೆ ಸಿಟ್ಟು ಇಳೀಬೇಕಿತ್ತಲ್ಲ, ಇವನಿಗೆ ಏರ್ತಾ ಹೋಯ್ತು.

ಆಷಾಢದಲ್ಲಿ ಅಣ್ಣನ ಮಗ ಮತ್ತೆ ಬಂದ, ಪ್ರೀತಿಯಿಂದ ತಲೆ ಸವರೋಕೆ ಹೋದ, ಕೈ ಎಡಗಿವಿಗೆ ತಾಗಿದ್ದೇ ತಡ ಕೆಂಚ ಮುಂಗೈ ಕಚ್ಚಿಬಿಟ್ಟ. ನಲ್ಲಿ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿದ್ವಿ, 0, 3, 7, 28ನೇ ದಿನ ಅಂತ ಚರ್ಮದೊಳಗೆ ಕೊಡೋ ರೇಬೀಸ್ ಇಂಜೆಕ್ಷನ್ ನಾಲ್ಕೂ ಹಾಕಿಸಿದ್ವಿ. ಕೆಂಚನಿಗೆ ವರ್ಷ ವರ್ಷ ಲಸಿಕೆ ಹಾಕ್ಸಿದ್ರೂ ಮಗೂ ವಿಷಯದಲ್ಲಿ ಬಿಡೋ ಹಾಗಿಲ್ಲ, ಯಾರೂ ಬಿಡ್ಬೇಡಿ. ಮನೇಲಿ ಆವತ್ತು ರಾತ್ರಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ, ನಮ್ಮೆಜಮಾನ್ರು ಇದನ್ನ ಎಲ್ಲಾದ್ರೂ ದೂರ ಬಿಟ್ಟು ಬರೋಣ ಅಂದ್ರು.

ಅದಕ್ಕೂ ಮುಂಚೆ ಒಂದ್ಸಲ ತೋರಿಸೋಣ ಅಂತ ಪಶು ವೈದ್ಯರ ಹತ್ರ ಕರ್ಕೊಂಡು ಹೋದೆ. ಅವರು ಬಾಯಿ ಕಟ್ಟಿ ಮೊದಲು ಮುಟ್ಟಿದ್ದೇ ಕಿವಿ. ಎಡಗಿವಿ ಮಡಚಿ ಹತ್ತಿ ಇಟ್ಟು ತೆಗೆದ್ರು, ಕಾಫಿ ಗಸಿ ಥರ ಕಪ್ಪಗೆ ಬಂತು, ಹುಳಿ ವಾಸನೆ, ಒಳಗೆಲ್ಲ ಕೆಂಪಗೆ ಊದ್ಕೊಂಡಿತ್ತು. "ಇವ್ನು ತಲೆ ಕೊಡವ್ತಿದ್ನಾ ಅಮ್ಮ" ಅಂತ ಕೇಳಿದ್ರು. ಕೊಡವ್ತಿದ್ದ ಸಾರ್, ಹಬ್ಬಕ್ಕೂ ಮುಂಚಿಂದ ಕೊಡವ್ತಿದ್ದ, ನಾವು ಉಣ್ಣಿ ಹುಳ ಇರ್ಬೇಕು ಅನ್ಕೊಂಡಿದ್ವಿ. ಅಂದ್ರೆ ಆ ಹೊಸತೊಡಕಿನ ದಿನವೂ ಅವನಿಗೆ ನೋವಿತ್ತು, ಅದರ ಮೇಲೆ ದಿನವಿಡೀ ಕಟ್ಟಿಹಾಕಿದ್ವಿ, ಗದ್ದಲ ಬೇರೆ, ಇಷ್ಟೆಲ್ಲ ಬಿಟ್ಟು ನಾವು ತಟ್ಟೆಲಿದ್ದ ನಾಲ್ಕು ತುಂಡು ಬಾಡಿನ ಮೇಲೆ ಗೂಬೆ ಕೂರಿಸಿದ್ವಿ. ಆಮೇಲೆ ಊಟ ಏನ್ ಹಾಕ್ತೀರಾ ಅಂತ ಕೇಳಿದ್ರು, ಹೇಳಿದೆ, ಪಾಪ ಬೈಲಿಲ್ಲ, ತೂಕ ಬರ್ಕೊಂಡು ಚೀಟಿಲಿ ದಿನಕ್ಕೆ ಎರಡು ಮೊಟ್ಟೆ ಇಲ್ಲ ಬೇಯಿಸಿದ ಕೋಳಿ, ಮೂಳೆ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡ ಅಂತ ಬರೆದುಕೊಟ್ರು.

ಇದಾದ್ಮೇಲೆ ನಾನು ಈ ಪ್ರೋಟೀನ್ ವಿಷಯ ಹಿಡಿದು ಕೂತು ಓದಿದೆ. ನಿಮ್ಮ ಅಂಕಣದ ಮಾತು ಪೂರ್ತಿ ಗಾಳಿಮಾತಲ್ಲ, ಅದಕ್ಕೊಂದು ಮೂಲ ಇದೆ, ಆದ್ರೆ ಅರ್ಧ ಮಾತ್ರ ನಮ್ಮೂರಿಗೆ ಬಂದು ತಲುಪಿದೆ. ಅಮೆರಿಕದ ಟಫ್ಟ್ಸ್ ಯೂನಿವರ್ಸಿಟಿಯ ಪಶುವೈದ್ಯ ನಿಕೊಲಸ್ ಡಾಡ್‌ಮನ್ ಮತ್ತೆ ಅವರ ಜೊತೆಗಾರರು 1996ರಲ್ಲಿ ನಾಯಿಗಳಿಗೆ ನೂರಕ್ಕೆ 17, 25, 32 ಭಾಗ ಪ್ರೋಟೀನ್ ಇರೋ ಮೂರು ಥರದ ಆಹಾರ ಎರಡೆರಡು ವಾರ ಕೊಟ್ಟು ನೋಡಿದ್ರು. ಸುಮ್ನೆ ಕುಣಿದಾಡೋ ನಾಯಿಗಳಲ್ಲಿ, ಮನೆಯೋರ ಮೇಲೇ ದರ್ಪ ತೋರಿಸೋ ನಾಯಿಗಳಲ್ಲಿ ಪ್ರೋಟೀನ್ ಏರಿಸಿದ್ರೂ ಇಳಿಸಿದ್ರೂ ವ್ಯತ್ಯಾಸ ಕಾಣ್ಲಿಲ್ಲ. ನಮ್ಮ ಜಾಗ ಅಂತ ಬೇರೆಯವರ ಮೇಲೆ ಎಗರೋ ನಾಯಿಗಳಲ್ಲಿ ಮಾತ್ರ ಕಮ್ಮಿ ಪ್ರೋಟೀನಿಗೆ ಸಿಟ್ಟು ಇಳೀತು, ಅದ್ರಲ್ಲೂ ಬಿಡಿಸಿ ನೋಡಿದ್ರೆ ಭಯದಿಂದ ಎಗರ್ತಿದ್ದ 7 ನಾಯಿಗಳಲ್ಲೇ ಆ ಫಲ ಎದ್ದು ಕಂಡಿದ್ದು. 2000ನೇ ಇಸವಿಲಿ ಅದೇ ತಂಡ 33 ನಾಯಿಗಳಿಗೆ 18 ಮತ್ತೆ 30 ಪರ್ಸೆಂಟಿನ ಆಹಾರ, ಟ್ರಿಪ್ಟೋಫಾನ್ ಸೇರಿಸಿ ಒಂದ್ಸಲ, ಸೇರಿಸದೇ ಒಂದ್ಸಲ, ಒಂದೊಂದು ವಾರ ಕೊಟ್ರು. ಈ ಸಲ ದರ್ಪದ ನಾಯಿಗಳಲ್ಲಿ ಟ್ರಿಪ್ಟೋಫಾನ್ ಸೇರಿಸದ ಜಾಸ್ತಿ ಪ್ರೋಟೀನಿಗೆ ಸಿಟ್ಟು ಹೆಚ್ಚಿತ್ತು, ಜಾಗ ಕಾಯೋ ನಾಯಿಗಳಲ್ಲಿ ಟ್ರಿಪ್ಟೋಫಾನ್ ಸೇರಿಸಿದ ಕಮ್ಮಿ ಪ್ರೋಟೀನಿಗೆ ಸಿಟ್ಟು ಕಮ್ಮಿ ಇತ್ತು. ಅಷ್ಟೇ. ಪ್ರೋಟೀನ್ ತಿಂದ ನಾಯಿಯೆಲ್ಲ ಕಚ್ಚುತ್ತೆ ಅಂತ ಅಲ್ಲಿ ಎಲ್ಲೂ ಇಲ್ಲ.

ಈ ಟ್ರಿಪ್ಟೋಫಾನ್ ಏನಪ್ಪ ಅಂದ್ರೆ ಪ್ರೋಟೀನ್ ಒಡೆದಾಗ ಸಿಗೋ ಅಮೈನೋ ಆಮ್ಲಗಳಲ್ಲಿ ಒಂದು, ಮಿದುಳು ಇದರಿಂದಲೇ ಸೆರೊಟೋನಿನ್ ಮಾಡ್ಕೊಳ್ಳೋದು, ಮನಸ್ಸು ಸಮಾಧಾನವಾಗಿರೋಕೆ ಅದು ಬೇಕು. ಸೋಮವಾರ ಬೆಳಗ್ಗೆ ಮಂಡ್ಯ ಬಸ್ ಸ್ಟ್ಯಾಂಡಲ್ಲಿ ಮೈಸೂರು ಬಸ್ಸಿಗೆ ನುಗ್ಗೋ ಜನ ನೋಡಿದೀರಲ್ಲ, ಮಿದುಳಿನ ಬಾಗಿಲೂ ಹಂಗೇ, ಇರೋ ಒಂದೇ ಬಾಗಿಲಲ್ಲಿ ಬೇರೆ ದೊಡ್ಡ ಅಮೈನೋ ಆಮ್ಲಗಳೂ ಹತ್ತಬೇಕು. ಮಾಂಸದಲ್ಲಿ ಟ್ರಿಪ್ಟೋಫಾನ್ ಇರೋದು ಸ್ವಲ್ಪ, ಉಳಿದೋರು ಗುಂಪು ಗುಂಪು, ಹಂಗಾಗಿ ಪ್ರೋಟೀನ್ ಜಾಸ್ತಿಯಾದಾಗ ಇದಕ್ಕೆ ನುಗ್ಗೋಕೆ ಜಾಗ ಸಿಗೋದು ಕಷ್ಟ ಅನ್ನೋದು ಅವರ ವಿವರಣೆ. ಹಾಗಂತ ಗುಳಿಗೆ ತಂದು ನೀವೇ ಹಾಕೋಕೆ ಹೋಗ್ಬೇಡಿ, ಅದು ಡಾಕ್ಟರ್ ನೋಡಿ ಹೇಳೋ ಕೆಲಸ.

ಈಗ ಮುಖ್ಯವಾದ್ದು ಕೇಳಿ. ಆ ಪ್ರಯೋಗದಲ್ಲಿ ಅವರು ಕಮ್ಮಿ ಅಂದಿದ್ದು 17-18 ಪರ್ಸೆಂಟು. ದೊಡ್ಡ ನಾಯಿಗೆ ನೀರಂಶ ಕಳೆದ ಆಹಾರದಲ್ಲಿ ಕನಿಷ್ಠ 18, ಬೆಳೆಯೋ ಮರಿಗೆ 22.5 ಇರ್ಬೇಕು ಅಂತ ಅಮೆರಿಕದಲ್ಲಿ ಪ್ರಾಣಿ ಆಹಾರಕ್ಕೆ ಮಟ್ಟ ಗೊತ್ತುಮಾಡೋ ಎಎಎಫ್‌ಸಿಓ ಅನ್ನೋ ಸಂಘ ಮಟ್ಟ ಇಟ್ಟಿದೆ, ಅಂದ್ರೆ ಪ್ರಯೋಗದ ಕಮ್ಮಿ ಊಟವೂ ಹೆಚ್ಚೂಕಮ್ಮಿ ಆ ಗೆರೆ ಮೇಲೇ ನಿಂತಿತ್ತು. ನಮ್ಮ ಅನ್ನ ಹಾಲಿನ ಲೆಕ್ಕ ನಾನು ಪೆನ್ನು ಹಿಡಿದು ಮಾಡಿದೆ. 100 ಗ್ರಾಂ ಅಕ್ಕಿಲಿ ಪ್ರೋಟೀನ್ ಸುಮಾರು 7 ಗ್ರಾಂ, 200 ಎಂಎಲ್ ಹಾಲಲ್ಲಿ ಆರೂವರೆ, ಒಟ್ಟು ಹದಿಮೂರೂವರೆ, ನೀರಂಶ ಬಿಟ್ಟು ಉಳಿಯೋ ಒಣ ಪದಾರ್ಥ 113 ಗ್ರಾಂ ಆಸುಪಾಸು, ಅಲ್ಲಿಗೆ ನೂರಕ್ಕೆ 12. ರಾಗಿಲೂ ಪ್ರೋಟೀನ್ 7ರ ಹತ್ತಿರಾನೇ, ಮುದ್ದೆ ನಮಗೆ ಗಟ್ಟಿ ಊಟ ಸರಿ, ನಾಯಿಗೆ ಅದೊಂದೇ ಸಾಲಲ್ಲ, ಅಕ್ಕಿ ರಾಗಿ ಎರಡರಲ್ಲೂ ಲೈಸಿನ್ ಅನ್ನೋ ಅಮೈನೋ ಆಮ್ಲ ಕಮ್ಮಿ. ಅದೇ ಅನ್ನ ಹಾಲಿಗೆ ಎರಡು ಬೇಯಿಸಿದ ಮೊಟ್ಟೆ ಕಿವುಚಿ ಹಾಕಿದ್ರೆ 12 ಗ್ರಾಂ ಸೇರಿ ನೂರಕ್ಕೆ 18 ದಾಟುತ್ತೆ. ಮೊಟ್ಟೆ ಹಾಕಿದ ತಕ್ಷಣ ಊಟ ಪರಿಪೂರ್ಣ ಆಗಲ್ಲ, ಕ್ಯಾಲ್ಸಿಯಂ ಅದೂ ಇದೂ ಬೇಕು, ಹಾಲು ಕೆಲವು ನಾಯಿಗೆ ಭೇದಿ ಮಾಡುತ್ತೆ, ಅದು ಬೇರೆ ಮಾತು. ಆದ್ರೆ ಆ ಪ್ರಯೋಗದ ಹೆಸರಲ್ಲಿ ನಾಯಿನ 12ಕ್ಕೆ ಇಳಿಸೋದು ಯಾವ ನ್ಯಾಯ ಸಾರ್?

ಇನ್ನೊಂದು, ಪ್ಯಾಕೆಟ್ ಆಹಾರ ಹಾಕೋರು ಮೇಲಿನ ಪ್ರೋಟೀನ್ ನಂಬರ್ ನೋಡಿ ಗಾಬರಿ ಆಗ್ತಾರೆ. ಡಬ್ಬಿಲಿ ಬರೋ ಹಸಿ ಆಹಾರದ ಮೇಲೆ 8 ಅಂತಿದ್ರೆ ಕಮ್ಮಿ ಅನ್ಸುತ್ತೆ, ಅದ್ರಲ್ಲಿ 80 ಭಾಗ ನೀರಿದ್ರೆ ಒಣ ಲೆಕ್ಕಕ್ಕೆ ಅದು 40. ಒಣ ಕಾಳಿನ ಪ್ಯಾಕೆಟಿನ 24, ಅದ್ರಲ್ಲಿ 10 ಭಾಗ ನೀರು ಅಂತಿಟ್ಟು ಹಂಗೇ ಲೆಕ್ಕ ಹಾಕಿದ್ರೆ 27ರ ಹತ್ರ ಬರುತ್ತೆ. ಹೋಲಿಸೋದಾದ್ರೆ ನೀರು ಕಳೆದು ಹೋಲಿಸಿ. ಕಿಡ್ನಿ ತೊಂದರೆ ಇರೋ ನಾಯಿಗೆ ಪ್ರೋಟೀನ್ ಇಳಿಸ್ತಾರೆ ನಿಜ, ಅದೂ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರ್ ಹೇಳಿದ್ಮೇಲೆ.

ಕೋಳಿ ಅಂಗಡಿ ಹಿಂದಿನ ಬೀದಿನಾಯಿಗಳು ಹಸಿಮಾಂಸ ತಿಂದೇ ಹಂಗಾಗಿರೋದು ಅಂತಲೂ ಜನ ನಂಗೆ ಹೇಳ್ತಾರೆ. ನಮ್ಮ ಬೀದಿ ಕೊನೆಲಿ ಅಂಥದ್ದೊಂದು ಜಾಗ ಇದೆ, ನಾನು ನಿಂತು ನೋಡಿದೀನಿ. ಸಂಜೆ ಒಂದ್ಸಲ ಬಕೆಟ್ ಸುರೀತಾರೆ, ಒಂದೇ ಗುಡ್ಡೆ, ಏಳೆಂಟು ನಾಯಿ, ಸಿಕ್ಕಿದೋನಿಗೆ ಸಿಕ್ಕಿದಷ್ಟು. ಅಲ್ಲಿ ಮಾಂಸದ ಬದಲು ಅನ್ನ ಸುರಿದಿದ್ರೂ ಹಸಿದ ನಾಯಿಗಳು ಕಿತ್ತಾಡೋವೇ, ದಾರಿಲಿ ಹೋಗೋ ಮಗೂನ ಓಡಿಸೋವೇ. ಕೆಂಚ ಹಿಂಡಿಗೆ ನುಗ್ಗಿ, ತಟ್ಟೆ ಮೇಲೆ ಕಾಲಿಟ್ಟು ನಮ್ಮನ್ನ ದಿಟ್ಟಿಸ್ತಿದ್ನಲ್ಲ, ಹೊಟ್ಟೆ ತುಂಬಿದ್ರೂ ಪ್ರೋಟೀನ್ ಸಾಲದ ಅವನದ್ದೂ ಒಂಥರ ಹಸಿವೇ ಅನ್ಸುತ್ತೆ.

ಕೆಂಚನ ಕಿವಿಗೆ ಹದಿನೈದು ದಿನ ಡ್ರಾಪ್ಸ್ ಹಾಕಿದ್ವಿ, ಮೊಟ್ಟೆ ಕೋಳಿ ಮತ್ತೆ ಶುರು ಮಾಡಿದ್ವಿ, ಬೆಳಗ್ಗೆ ಸಂಜೆ ಕಾಲುವೆ ಏರಿ ಮೇಲೆ ಸುತ್ತಿಸ್ಕೊಂಡು ಬರ್ತಿದೀವಿ. ಮೂರೂ ಒಟ್ಟಿಗೆ ಮಾಡಿದ್ರಿಂದ ಮೊಟ್ಟೆಯೊಂದೇ ಅವನನ್ನ ಸರಿಮಾಡ್ತು ಅಂತ ನಾನು ಹೇಳಲ್ಲ, ಹಾಗೆ ಹೇಳಿದ್ರೆ ನಾನೂ ಅದೇ ಎರಡು ಸಾಲಿನ ಉತ್ತರ ಕೊಟ್ಟಂಗಾಗುತ್ತೆ. ನೋವು ಹೋಯ್ತು, ಆ ಹಸಿವು ಹೋಯ್ತು, ಕಟ್ಟಿಹಾಕೋದು ನಿಂತಿತು. ಈಗ ತಟ್ಟೆ ಮೇಲೆ ಕಾಲಿಡಲ್ಲ. ಎಡಗಿವಿ ಮುಟ್ಟಿದ್ರೆ ಒಂದು ಕ್ಷಣ ಮೈ ಬಿಗಿ ಮಾಡ್ತಾನೆ, ಆಮೇಲೆ ಬಿಡ್ತಾನೆ. ಅಣ್ಣನ ಮಗನಿಗೆ ಇನ್ನೂ ಭಯ ಇದೆ, ಅವನು ಬಂದಾಗ ನಾವೂ ಮಧ್ಯೆ ಕೂತಿರ್ತೀವಿ.

ದಯವಿಟ್ಟು ಮುಂದಿನ ಭಾನುವಾರ ಅದೇ ಅಂಕಣದಲ್ಲಿ, ಅದೇ ಜಾಗದಲ್ಲಿ ತಿದ್ದುಪಡಿ ಹಾಕಿ. ಇದ್ದಕ್ಕಿದ್ದಂಗೆ ನಾಯಿ ಸ್ವಭಾವ ಬದಲಾದ್ರೆ ಮೊದಲು ಕಿವಿ, ಹಲ್ಲು, ಕಾಲು, ಹೊಟ್ಟೆ ಡಾಕ್ಟರಿಗೆ ತೋರಿಸಿ, ಅವರನ್ನ ಕೇಳದೇ ಊಟ ಬದಲಿಸ್ಬೇಡಿ ಅಂತ ಬರೆದ್ರೆ ಸಾಕು. ಪ್ರಶ್ನೆ ಕೇಳಿದ್ದ ಆ ಓದುಗರಿಗೂ ಅದು ತಲುಪ್ಲಿ. ಪಕ್ಕದ್ಮನೆ ಅಜ್ಜಿ ನಿಮ್ಮ ಹೋದ ವಾರದ ಆ ತುಂಡು ಕತ್ತರಿಸಿ ದೇವರ ಗೂಡಿನ ಪಕ್ಕ ಕ್ಯಾಲೆಂಡರಿಗೆ ಸಿಕ್ಕಿಸಿಟ್ಟಿದೆ, ಪೇಪರಲ್ಲೇ ಬಂದದೆ ನೋಡು ಅಂತ ಬಂದೋರಿಗೆಲ್ಲ ತೋರಿಸ್ತಿದೆ. ನೀವು ತಿದ್ದುಪಡಿ ಹಾಕಿದ್ರೆ ನಾನೇ ಹೋಗಿ ಅದರ ಪಕ್ಕ ಇದನ್ನೂ ಸಿಕ್ಕಿಸಿ, ಅಜ್ಜಿಗೆ ಓದಿ ಹೇಳಿ ಬರ್ತೀನಿ.

ಇತಿ,
ನಿಮ್ಮ ಓದುಗಳು,
ಮಂಡ್ಯ