ರಿಚ್ಮಂಡ್‌ನಿಂದ ಅಪ್ಪಾಜಿಗೆ

ತೀರ್ಥರೂಪ ಅಪ್ಪಾಜಿಯವರಿಗೆ ಮಗ ಬಸವರಾಜನ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ.

ಸಾವಿತ್ರಿಯ ಮದುವೆಗೆಂದು ಹೊಲದ ಕಾಗದ ಒತ್ತೆಯಿಟ್ಟು ಸಾಹುಕಾರರಲ್ಲಿ ನೂರಕ್ಕೆ ಮೂರರ ಬಡ್ಡಿಗೆ ಸಾಲ ತೆಗೆಯಲು ತಾವು ನಿಶ್ಚಯಿಸಿರುವುದನ್ನೂ, ಅವ್ವ ತನ್ನ ಸಂಘದಿಂದ ಸಾಲ ತರುತ್ತೇನೆಂದಾಗ ‘ಹೆಂಗಸರ ಚಿಲ್ಲರೆ ದುಡ್ಡಿನಲ್ಲಿ ಮದುವೆಯಾಗುತ್ತದೆಯೇ’ ಎಂದು ನಕ್ಕದ್ದನ್ನೂ ತಮ್ಮ ಪತ್ರದಲ್ಲಿ ಓದಿದಂದಿನಿಂದ ನನಗೆ ಸಮಾಧಾನವಿಲ್ಲ. ತಿಂಗಳಿಗೆ ನೂರಕ್ಕೆ ಮೂರೆಂದರೆ ವರ್ಷಕ್ಕೆ 36 ಆಯಿತು. ಅಷ್ಟು ಬಡ್ಡಿ ಕಟ್ಟುವ ಬೆಳೆ ನಮ್ಮ ಹೊಲದಲ್ಲಿ ಎಂದು ಬಂದಿದೆ?

ಚಿಲ್ಲರೆ ದುಡ್ಡಿನ ಮಾತು ಬಂದದ್ದರಿಂದ ಅಮೆರಿಕದ ಈ ರಿಚ್ಮಂಡ್ ಊರಿನದೇ ಒಂದು ಸಂಗತಿ ಬರೆಯುತ್ತೇನೆ. ಇಲ್ಲಿಯ ಜಾಕ್ಸನ್ ವಾರ್ಡ್ ಕಪ್ಪು ಜನರ ಹಳೆಯ ಪೇಟೆ. ಅಲ್ಲಿದ್ದ ಮ್ಯಾಗಿ ಲೀನಾ ವಾಕರ್ ಅವರ ತಾಯಿ ಮೊದಲು ಗುಲಾಮಳಾಗಿದ್ದು, ಅನಂತರ ಊರವರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದವರು. ಕಾಯಿಲೆಗೂ ಶವಸಂಸ್ಕಾರಕ್ಕೂ ನೆರವಾಗಲು ಜನ ಕಟ್ಟಿಕೊಂಡಿದ್ದ ಸೇಂಟ್ ಲ್ಯೂಕ್ ಸಂಘದ ಹೊಣೆಯನ್ನು ಮ್ಯಾಗಿ ವಹಿಸಿಕೊಂಡಾಗ ಅದು ಮುಳುಗುವ ಸ್ಥಿತಿಯಲ್ಲಿತ್ತು. ದುಡಿದ ಹಣವನ್ನು ನಮ್ಮನ್ನು ಕೀಳಾಗಿ ಕಾಣುವವರ ಕೈಗೆ ಕೊಟ್ಟು ಅವರನ್ನೇ ಬೆಳೆಸುವುದೇಕೆ, ನಮ್ಮ ಬಿಡಿಕಾಸುಗಳನ್ನೆಲ್ಲ ಒಂದೆಡೆ ಕೂಡಿಸಿ ನಾವೇ ಬಳಸೋಣ ಎಂಬುದು ಆಕೆಯ ವಾದ. 1903ರಲ್ಲಿ ‘ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್’ ತೆರೆದ ದಿನ ಒಬ್ಬರು ಬರೀ 31 ಸೆಂಟಿಗೆ ಖಾತೆ ಮಾಡಿಸಿದರಂತೆ. ಬಟ್ಟೆ ಒಗೆಯುವವರು, ಮನೆಗೆಲಸದವರು ಇಟ್ಟ ಅಂಥ ದುಡ್ಡಿನಿಂದಲೇ ಆ ಬ್ಯಾಂಕು ಅದೇ ಜನಕ್ಕೆ ಮನೆ ಕೊಳ್ಳಲು ಸಾಲ ಕೊಟ್ಟಿತು.

ಎಲ್ಲವೂ ಗೆದ್ದಿತೆಂದು ನಾನು ಹೇಳುತ್ತಿಲ್ಲ, ಹೇಳಿದರೂ ತಾವು ನಂಬುವವರಲ್ಲ. 1905ರಲ್ಲಿ ಅದೇ ಸಂಘ ತೆರೆದ ದೊಡ್ಡ ಅಂಗಡಿಗೆ ಸರಕು ಸಿಗದಂತೆ ಬಿಳಿಯ ವರ್ತಕರು ಸಗಟು ವ್ಯಾಪಾರಿಗಳನ್ನು ಒತ್ತಾಯಿಸಿದರು; ಕಪ್ಪು ಜನರೂ ಸಾಕಷ್ಟು ಸಂಖ್ಯೆಯಲ್ಲಿ ಕೊಳ್ಳಲು ಬರಲಿಲ್ಲ. 1911ರಲ್ಲಿ ಅದು ಮುಚ್ಚಿತು. 1950ರ ದಶಕದಲ್ಲಿ ಹೆದ್ದಾರಿಯೊಂದು ಪೇಟೆಯನ್ನೇ ಸೀಳಿಕೊಂಡು ಹೋಯಿತು. ಬ್ಯಾಂಕು ಮಾತ್ರ ಊರಿನ ಬೇರೆ ಕಪ್ಪು ಜನರ ಬ್ಯಾಂಕುಗಳೊಡನೆ ಕೂಡಿಕೊಂಡು, ದೊಡ್ಡ ದೊಡ್ಡ ಬ್ಯಾಂಕುಗಳೇ ಕುಸಿದ ಆ 1930ರ ದಶಕವನ್ನು ದಾಟಿತು. ಆಕೆಯ ಮನೆಯನ್ನು ಸರಕಾರ ಸ್ಮಾರಕ ಮಾಡಿದೆ. ಅದರ ನಂಬರು ನೂರಾ ಹತ್ತೂವರೆ! ಮನೆಯ ನಂಬರಿನಲ್ಲೂ ಅರ್ಧ ಇಡುವ ಜನ ಇವರು.

ಇದು ಪರದೇಶದ ಮಾತೆಂದು ತಳ್ಳಿಹಾಕಬೇಡಿರಿ. ಅಂಗಡಿ ತೆರೆದ ಅದೇ 1905ರಲ್ಲಿ ನಮ್ಮ ಗದಗಿನ ಮಗ್ಗುಲಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲೊಂದನ್ನು ಕಟ್ಟಿದ್ದು ಇಂಥದೇ ಬಡ್ಡಿಯಿಂದ ರೈತರನ್ನು ಬಿಡಿಸಲಿಕ್ಕಲ್ಲವೇ? ಅವ್ವನ ಸಂಘದ ಸಾಲವನ್ನೇ ತೆಗೆದುಕೊಳ್ಳಿರಿ. ಕಡಿಮೆ ಬಿದ್ದುದನ್ನು ನಾನು ತಿಂಗಳ ಮೊದಲ ವಾರದಲ್ಲೇ ಕಳಿಸುತ್ತೇನೆ. ಅಲ್ಲಿಯತನಕ ಸಾಹುಕಾರರ ಯಾವ ಕಾಗದಕ್ಕೂ ಸಹಿ ಹಾಕಬೇಡಿರಿ.

ನಾನಿರುವ ಓಣಿ ಸರಿಯಿಲ್ಲವೆಂದು ಕಾಕಾ ಹೇಳಿದ್ದನ್ನು ಅವ್ವ ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಇಲ್ಲಿಯ ನೆರೆಯವರು ಬಲು ಒಳ್ಳೆಯವರು. ಭಾನುವಾರ ಹೆಂಗಸರೆಲ್ಲ ಬಣ್ಣಬಣ್ಣದ ಟೋಪಿ ಧರಿಸಿ ಚರ್ಚಿಗೆ ಹೊರಟರೆ ನಮ್ಮ ತೇರಿನ ದಿನದ ಸಡಗರವೇ. ಊಟ, ನಿದ್ರೆ, ಆರೋಗ್ಯ, ಕೆಲಸ ಎಲ್ಲವೂ ಚೆನ್ನಾಗಿವೆ, ನಿಜವಾಗಿಯೂ ಚೆನ್ನಾಗಿವೆ, ಸ್ವಲ್ಪ ದಪ್ಪವೂ ಆಗಿದ್ದೇನೆ. ಡ್ಯೂಟಿಗೆ ಹೊತ್ತಾಯಿತು. ಸಾವಿತ್ರಿಗೆ ಆಶೀರ್ವಾದ.

ತಮ್ಮ ಮಗ,
ಬಸವರಾಜ