ನೆರೆಯಲ್ಲಿ ನೆನೆದ ಶಾಲಾ ರಜಿಸ್ಟರ್‌ಗಳಿಗಾಗಿ ಒಂದು ಮನವಿ

ಊರ ಹಿರಿಯರೇ, ನಮ್ಮ ಶಾಲೆಯಲ್ಲಿ ಕಲಿತ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಬಂದದ್ದನ್ನು ಮುಧೋಳ ತಾಲೂಕಿನವರು ಯಾರೂ ಮರೆತಿಲ್ಲ. ಆಗ ನಮ್ಮ ಶಾಲೆಯ ಆಫೀಸಿಗೂ ನೀರು ನುಗ್ಗಿತು. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಹಳೆಯ ದಾಖಲಾತಿ ರಜಿಸ್ಟರ್‌ಗಳು ಪೂರ್ತಿ ನೆನೆದವು. 1948ರಲ್ಲಿ ಮುಧೋಳ ಸಂಸ್ಥಾನ ವಿಲೀನವಾಗುವ ಮೊದಲಿನ ಪುಟಗಳೂ ಅದರಲ್ಲಿವೆ. ಎಷ್ಟೋ ಮನೆಗಳ ಅಜ್ಜ, ಮುತ್ತಜ್ಜರ ಹೆಸರು, ಜನ್ಮದಿನ ಸಿಗುವುದು ಅಲ್ಲಿ ಮಾತ್ರ. ವಾರಸಾ ಮಾಡಿಸಲು ದಾಖಲೆ ಬೇಕೆಂದು ಈಗಲೂ ಜನ ಬರುತ್ತಾರೆ. ಓದಲು ಆಗುತ್ತಿಲ್ಲ ಎಂದು ಹೇಳಿ ಕಳಿಸುವುದು ತುಂಬಾ ನೋವಿನ ಕೆಲಸ.

ಎಲ್ಲ ಪುಟಗಳನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿದ್ದೇವೆ. ಆದರೆ ನೀರಿನ ಕಂದು ಕಲೆ, ಹಿಂಬದಿಯಿಂದ ಮೂಡಿದ ಶಾಯಿ, ಹುಳು ತಿಂದ ತೂತು ಎಲ್ಲವೂ ಹಾಗೇ ಬಂದಿವೆ. ಇವನ್ನು ಬಿಳಿ ಹಾಳೆ, ಕಪ್ಪು ಅಕ್ಷರ ಆಗುವಂತೆ ಸ್ವಚ್ಛ ಮಾಡಬೇಕು.

ಕಂಪ್ಯೂಟರೇ ಮಾಡುತ್ತದೆ ಅಲ್ವಾ ಎಂದು ಕೆಲವರು ಕೇಳಿದರು. ಅರ್ಧ ಮಾಡುತ್ತದೆ. ಬಣ್ಣದ ಸ್ಕ್ಯಾನನ್ನು ಬೂದು ಬಣ್ಣಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಕಪ್ಪಿನಿಂದ ಬಿಳಿಯವರೆಗೆ 256 ಮಟ್ಟಗಳಿರುತ್ತವೆ. ನಡುವೆ ಎಲ್ಲೋ ಒಂದು ಗಡಿ ಹಾಕಿ, ಅದಕ್ಕಿಂತ ದಟ್ಟವಾದದ್ದು ಕಪ್ಪು, ತಿಳಿಯಾದದ್ದು ಬಿಳಿ ಎನ್ನುವುದು ಸುಲಭದ ದಾರಿ. ಜಪಾನಿನ ಒತ್ಸು ಅವರು 1979ರಲ್ಲಿ ಪ್ರಕಟಿಸಿದ ವಿಧಾನ ಆ ಗಡಿಯನ್ನು ತಾನೇ ಹುಡುಕುತ್ತದೆ. ಆದರೆ ಇಡೀ ಪುಟಕ್ಕೆ ಒಂದೇ ಗಡಿ. ಹಾಗಾಗಿ ಕಲೆಯಾದ ಮೂಲೆ ಅಕ್ಷರಗಳ ಸಮೇತ ಕಪ್ಪಾಗಿಬಿಡುತ್ತದೆ. ಸೌವೋಲಾ ಎಂಬ ಇನ್ನೊಂದು ವಿಧಾನ ಒಂದೊಂದು ಚುಕ್ಕೆಗೂ ಅದರ ಸುತ್ತಲಿನ ಜಾಗ ನೋಡಿ ಬೇರೆ ಬೇರೆ ಗಡಿ ಹಾಕುತ್ತದೆ. ನೆನೆದ ಹಾಳೆಗೆ ಇದೇ ಸರಿ.

ಅದಾದ ಮೇಲೂ ಮನುಷ್ಯರ ಕಣ್ಣು ಬೇಕೇ ಬೇಕು. ೦ ಅಂಕಿಯ ಗೆರೆ ಒಂದು ಕಡೆ ಅಳಿದರೆ ೧ ಎಂದು ಕಾಣುತ್ತದೆ, ಹುಟ್ಟಿದ ತಾರೀಖೇ ಬದಲಾಗುತ್ತದೆ. ಷ ಒಳಗಿನ ಸಣ್ಣ ಗೆರೆ ಹೋದರೆ ಪ. ದ ಕೆಳಗೆ ಕಲೆಯ ಚೂರು ಉಳಿದರೆ ಧ. ಪ್ರತಿ ಪುಟವನ್ನೂ ಬಣ್ಣದ ಸ್ಕ್ಯಾನ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಬೇಕು. ಬಣ್ಣದ ಮೂಲ ಪ್ರತಿಯನ್ನು ಮಾತ್ರ ಯಾವ ಕಾರಣಕ್ಕೂ ಅಳಿಸುವುದಿಲ್ಲ.

ಈ ಕೆಲಸಕ್ಕೆ ಕೂರುವ ಊರಿನ ಇಬ್ಬರು ಹುಡುಗರಿಗೆ ಸಂಬಳ, ಒಂದು ಒಳ್ಳೆಯ ಕಂಪ್ಯೂಟರ್, ಎರಡು ಹಾರ್ಡ್ ಡಿಸ್ಕ್ ಬೇಕು. ಒಂದು ಡಿಸ್ಕ್ ಶಾಲೆಯಲ್ಲಿ, ಇನ್ನೊಂದು ನಮ್ಮೂರಿನಿಂದ ದೂರ ಬಾಗಲಕೋಟೆಯಲ್ಲಿ ಇರಲಿ ಎಂಬುದು ನಮ್ಮ ವಿಚಾರ. 100 ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಖರ್ಚಿನ ಲೆಕ್ಕವನ್ನು ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ.

ಹಣ ಕೊಡಲು ಆಗದಿದ್ದರೆ ಬೇಸರ ಬೇಡ. ಹಳೆಯ ಕೈಬರಹ ಓದಿ ಅಭ್ಯಾಸವಿರುವ ನಿವೃತ್ತ ಮಾಸ್ತರರು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಬಲ್ಲ ಹಿರಿಯರು ಭಾನುವಾರ ಬೆಳಿಗ್ಗೆ ಶಾಲೆಗೆ ಬನ್ನಿ. ತಾಳೆ ನೋಡುವ ಕೆಲಸಕ್ಕೆ ನೀವೇ ಬೇಕು.

ಇಂತಿ,
ಶಾಲಾ ಟ್ರಸ್ಟಿನ ಪರವಾಗಿ