ತೋಟದ ಪತ್ರ ಬ್ಯಾಂಕಿಗೆ ಇಡಬೇಡಿ

ರಾಟರ್‌ಡ್ಯಾಮ್, ಭಾನುವಾರ

ಅಪ್ಪನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ನಿಮ್ಮ ಕಾಗದ ಬಂದಾಗಿಂದ ತಲೆಯಲ್ಲಿ ಅದೇ. ಬೆಲ್ಲದ ಪಾಕ ಬೆರೆಸೋಕೆ ಸುಬ್ಬು ಕೊಳ್ಳಬೇಕು ಅಂತಿರೋ ಆ ಸ್ಟ್ಯಾಟಿಕ್ ಮಿಕ್ಸರಿಗಾಗಿ (ಪೈಪಿನೊಳಗೆ ಅಲುಗಾಡದೆ ಕೂತು ಪಾಕ ಬೆರೆಸೋ ಪಟ್ಟಿಗಳು) ತೋಟದ ಪತ್ರ ಒತ್ತೆ ಇಡೋದು ಖಂಡಿತ ಬೇಡ. ಅವನು ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಮುಂದಿನದ್ದನ್ನ ಅವನಿಗೇ ಓದೋಕೆ ಕೊಡಿ.

ಸುಬ್ಬು, ಮಿಕ್ಸರ್ ಕಂಪನಿಯವರು ಕಂಪ್ಯೂಟರಿನಲ್ಲಿ ಮಾಡಿದ ಬಣ್ಣದ ಚಿತ್ರ ನೋಡಿದೆ. ಆರೇ ಎಲಿಮೆಂಟ್ (ಮಿಕ್ಸರಿನ ಒಂದೊಂದು ತುಂಡು) ದಾಟೋದರೊಳಗೆ ಜೋನಿ ಬೆಲ್ಲದಲ್ಲಿ ಸಿಟ್ರಿಕ್ ಆಸಿಡ್ ನೀರು ಬೆರೆತು ಪೈಪೆಲ್ಲ ಒಂದೇ ಹಸಿರು. ಬೆರೆಸಿದ್ದು ಮಿಕ್ಸರಲ್ಲ, ಲೆಕ್ಕ! ಸಿಎಫ್‌ಡಿಯಲ್ಲಿ, ಅಂದರೆ ಹರಿವನ್ನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ, ಮೆಶ್ (ಪೈಪಿನೊಳಗನ್ನ ಸಣ್ಣ ಸೆಲ್‌ಗಳಾಗಿ ಹಂಚೋ ಬಲೆ) ಒರಟಾಗಿದ್ದು ಫಸ್ಟ್ ಆರ್ಡರ್ ಅಪ್‌ವಿಂಡ್ ಅನ್ನೋ ಸ್ಥೂಲ ಲೆಕ್ಕದ ವಿಧಾನ ಹಾಕಿದರೆ ಬೆರೆಯದ್ದೂ ಬೆರೆತ ಹಾಗೆ ಕಾಣುತ್ತೆ. ಸೆಲ್ ಅಳತೆ ಅರ್ಧ ಮಾಡಿ ಇನ್ನೊಮ್ಮೆ ಓಡಿಸಿ ಅನ್ನು. ಬೆರೆತದ್ದು ಮೊದಲಿಗಿಂತ ಕಮ್ಮಿ ಕಂಡರೆ ಮೊದಲ ಚಿತ್ರ ಸುಳ್ಳು. ಪ್ರೆಶರ್ ಡ್ರಾಪ್ (ಮಿಕ್ಸರ್ ದಾಟುವಾಗ ಇಳಿಯೋ ಒತ್ತಡ) ಬದಲಾಗಲಿಲ್ಲ ಅಂತ ವಾದ ಮಾಡ್ತಾರೆ, ಒಪ್ಪಬೇಡ. ಅದು ಒರಟು ಮೆಶ್‌ನಲ್ಲೂ ಬೇಗ ಸರಿಹೋಗುತ್ತೆ, ಮಿಶ್ರಣ ಹೋಗಲ್ಲ. ಹರಿವಿನಲ್ಲಿ ಕಣಗಳನ್ನ ತೇಲಿಬಿಟ್ಟು ಅವುಗಳ ಜಾಡು ಹಿಡಿಯೋ ಲೆಕ್ಕವನ್ನೂ ಕೇಳು. ಟರ್ಬುಲೆನ್ಸ್ ಮಾಡೆಲ್ (ಸುಳಿಯೆದ್ದ ಹರಿವಿನ ಲೆಕ್ಕ) ಹಾಕಿದ್ದರೆ ಲೆಕ್ಕವೇ ತಪ್ಪು, ಅಲ್ಲಿಗೇ ಮಾತು ಮುಗೀತು. 50 ಮಿ.ಮೀ. ಪೈಪು, ಗಂಟೆಗೆ 1000 ಲೀಟರ್, ಬಿಸಿ ಪಾಕ ನೀರಿನ ಸಾವಿರ ಪಟ್ಟು ಮಂದ ಅಂದುಕೊಂಡರೂ ಹರಿವಲ್ಲಿ ಸುಳಿ ಏಳುತ್ತೋ ಇಲ್ಲವೋ ಹೇಳೋ ರೆನಾಲ್ಡ್ಸ್ ಸಂಖ್ಯೆ 10ರ ಆಸುಪಾಸು, ತೀರ ಕಮ್ಮಿ. ಸುಳಿಯೇ ಏಳಲ್ಲ, ಸೀಳಿ ಮಡಚಿಯೇ ಬೆರೆಸಬೇಕು.

ಕೆನಿಕ್ಸ್, ಎಸ್‌ಎಂಎಕ್ಸ್ ಅನ್ನೋ ಎರಡು ಡಿಸೈನಿಗೂ ಸಮ ಎಲಿಮೆಂಟ್ ಇಟ್ಟು ಹೋಲಿಸಿದ್ದಾರಲ್ಲ, ಅದೂ ಮೋಸವೇ. ಸಮ ಮಿಶ್ರಣಕ್ಕೆ ಹೋಲಿಸಬೇಕು. ಸಿಒವಿ, ಅಂದರೆ ಮಿಶ್ರಣ ಎಷ್ಟು ಏರುಪೇರಾಗಿದೆ ಅನ್ನೋ ಅಳತೆ, 0.05ಕ್ಕೆ ಇಳಿದರೆ ಸಾಕು ಅನ್ನೋದು ರೂಢಿ. ನೂರಕ್ಕೆ ಒಂದು ಪಾಲು ಸೇರಿಸುವಾಗ ಶುರುವಿಗೇ ಅದು ಸುಮಾರು 10. ತಿರುಚಿದ ಪಟ್ಟಿಯ ಕೆನಿಕ್ಸ್, ಪೈಪಿನ ಒಂದು ವ್ಯಾಸದಷ್ಟು ಉದ್ದ ದಾಟಿದಾಗೆಲ್ಲ ಅದನ್ನ ಇದ್ದದ್ದರ 0.87ರಷ್ಟಕ್ಕೆ ಇಳಿಸುತ್ತೆ. ಅಡ್ಡಪಟ್ಟಿಗಳ ಎಸ್‌ಎಂಎಕ್ಸ್ 0.63ರಷ್ಟಕ್ಕೆ. ಅವರ ಆರು ಕೆನಿಕ್ಸ್ ಎಲಿಮೆಂಟ್ ಆದ ಮೇಲೂ ಸಿಒವಿ 2.8! ಬೇಕಾದ್ದು 26, ಅಂದರೆ ಎರಡು ಮೀಟರ್ ಹತ್ತಿರ. ಎಸ್‌ಎಂಎಕ್ಸ್ ಆದರೆ 12, ಬರೀ 60 ಸೆಂ.ಮೀ., ಆದರೆ 0.4 ಬಾರ್ ಒತ್ತಡ ತಿನ್ನುತ್ತೆ, ಕೆನಿಕ್ಸ್ 0.24. ಬಿಸಿ ಇದ್ದಾಗ ಎರಡೂ ಏನಲ್ಲ. ಚಳಿಗೆ ಪಾಕ ಹತ್ತು ಪಟ್ಟು ಗಟ್ಟಿಯಾದರೆ ಎಸ್‌ಎಂಎಕ್ಸ್‌ಗೆ 4 ಬಾರ್, ಆಗ ಪಂಪ್ ಗೊಣಗುತ್ತೆ.

ನಿನಗೆ ಜಾಗ ಇದೆ, ಕೆನಿಕ್ಸ್ ಥರದ್ದೇ ಸಾಕು. ಎಸ್‌ಎಂಎಕ್ಸ್ ಪಟ್ಟಿಗಳ ಹಿಂದೆ ಪಾಕ ಕೂತರೆ ತೊಳೆಯೋದು ರಗಳೆ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯನ್ನ 75 ಮಿ.ಮೀ. ಉದ್ದಕ್ಕೆ 180 ಡಿಗ್ರಿ ತಿರುಚಿ, ಒಂದು ಎಡಕ್ಕೆ ಒಂದು ಬಲಕ್ಕೆ, ಒಂದರ ಅಂಚಿಗೆ ಇನ್ನೊಂದನ್ನ 90 ಡಿಗ್ರಿ ಅಡ್ಡವಾಗಿ ವೆಲ್ಡ್ ಮಾಡಿಸು. ಎಲ್ಲ ಒಂದೇ ಕಡೆ ತಿರುಚಿದರೆ ಪಾಕ ಬರೀ ಸುತ್ತುತ್ತೆ. ಗೋಡೆಗೂ ಪಟ್ಟಿಗೂ ಸಂದಿ ಬಿಡಬೇಡ. ಆಸಿಡ್ ನೀರನ್ನ ಮೊದಲ ಎಲಿಮೆಂಟಿಗೆ ತಾಗುವಂತೆ ಪೈಪಿನ ನಡುವೆ ಬಿಡು. ಗೋಡೆಯ ಹತ್ತಿರ ಬಿಟ್ಟರೆ ತೆಳುವಾದ ಅದು ಅಂಚಲ್ಲೇ ಜಾರಿ ಹೋಗುತ್ತೆ. ಕೆಲಸ ಮುಗಿದ ಕೂಡಲೇ ಬಿಸಿನೀರು ಹಾಯಿಸು.

ಅಪ್ಪಾ, ಇಲ್ಲಿಯವರು ಬೀಟಿನ ಪಾಕಕ್ಕೆ ಸ್ಟ್ರೋಪ್ ಅಂತ ಹೆಸರಿಟ್ಟು ದೋಸೆಯಂಥ ಪ್ಯಾನ್‌ಕೇಕ್ ಮೇಲೆ ಸುರಿದು ತಿಂತಾರೆ. ನಮ್ಮ ಜೋನಿ ಬೆಲ್ಲದ ಕಾಲ ಕೆಳಗೂ ಬರಲ್ಲ ಬಿಡಿ.

ಚಿಂತೆ ಬೇಡ, ಒಂಚೂರೂ ಬೇಡ, ಎಲ್ಲ ಸರಿ ಇದೆ, ನಾನೂ ಪೂರ್ತಿ ಸರಿ ಇದೀನಿ, ಚಳಿಗೆ ಸ್ವೆಟರ್ ಹಾಕ್ಕೊಳ್ತೀನಿ. ಪತ್ರ ಮಾತ್ರ ಬೀರುವಿನಲ್ಲೇ ಇರಲಿ. ಅಮ್ಮನ ಮಾತ್ರೆ ನೆನಪಿಸಿ. ಟ್ರಾಮ್ ಬಂತು.

ನಿಮ್ಮ,
ರಾಜು